ಶಾಪಿಂಗ್ ಖಾತೆ ಕಳ್ಳರ ಪಾಲಾದ್ರೆ: ಕಸ್ಟಮರ್ ಕೇರ್ ಕೈಬಿಟ್ಟ ಮೇಲೆ ಮಂಡ್ಯದಲ್ಲೇ ಕೂತು ಏನು ಮಾಡಬಹುದು?

ಇವತ್ತಿನ ವಿಷಯವನ್ನ ನಮ್ಮ ಮನೇಲೇ ಆದ ಒಂದು ಸಂಗತಿಯಿಂದ ಶುರು ಮಾಡ್ತೀನಿ.

ಹೋದ ವರ್ಷ ಗೌರಿ ಹಬ್ಬಕ್ಕೆ ಇನ್ನೂ ಹತ್ತು ದಿನ ಇತ್ತು. ಮಳವಳ್ಳಿಯಲ್ಲಿರೋ ನನ್ನ ಚಿಕ್ಕಮ್ಮ ಬೆಳಿಗ್ಗೆ ಆರೂವರೆಗೇ ಫೋನ್ ಮಾಡಿದ್ರು. ಅವರು ಮನೇಲೇ ಬ್ಲೌಸ್ ಹೊಲೀತಾರೆ. ಹಬ್ಬದ ಮುಂಚೆ ಅಂದ್ರೆ ಊಟಕ್ಕೂ ಪುರುಸೊತ್ತಿರಲ್ಲ. ದಾರ, ಲೈನಿಂಗ್ ಬಟ್ಟೆ, ಹುಕ್ಕು, ಸೀರೆ ಫಾಲ್ಸು ಎಲ್ಲಾನೂ ಒಂದು ಶಾಪಿಂಗ್ ಆ್ಯಪ್‌ನಲ್ಲೇ ತರಿಸಿಕೊಳ್ತಾರೆ. ಆ್ಯಪ್ ಹೆಸರು ಇಲ್ಲಿ ಬೇಡ.

‘ಮಗ, ಆ ಆ್ಯಪು ನನ್ನ ಒಳಕ್ಕೇ ಬುಡ್ತಾ ಇಲ್ಲ ಕನ. ನಿನ್ನ ನಂಬರ್ರೇ ಇಲ್ಲ ಅಂತದೆ. ರಾತ್ರಿ ಏನೋ ಫೋನ್ ಬುಕ್ಕಾಗದೆ ಅಂತ ಮೆಸೇಜ್ ಬಂದದೆ. ನಾನ್ ಯಾವ ಫೋನೂ ತರಿಸಿಲ್ಲ.’

ಖಾತೆಗೆ ಜೋಡಿಸಿದ್ದ ಮೊಬೈಲ್ ನಂಬರ್, ಇಮೇಲ್ ಎರಡನ್ನೂ ಯಾರೋ ಬದಲಾಯಿಸಿಬಿಟ್ಟಿದ್ರು. ಒಳಗಡೆ ವ್ಯಾಲೆಟ್‌ನಲ್ಲಿದ್ದ 2,150 ರೂಪಾಯಿ ಖಾಲಿ. ಅದು ಸಾಲದು ಅಂತ, ‘ಈಗ ತಗೊಳ್ಳಿ, ಆಮೇಲೆ ಕಟ್ಟಿ’ ಅನ್ನೋ ಪೇ ಲೇಟರ್ ಸಾಲದಲ್ಲಿ 7,499 ರೂಪಾಯಿಯ ಒಂದು ಫೋನ್ ಆರ್ಡರ್ ಆಗಿತ್ತು. ವಿಳಾಸ ಚಿಕ್ಕಮ್ಮ ಹೆಸರೇ ಕೇಳದ ಊರಿನದು.

ಮೊದಲು ಕಂಪನಿಯ ಚಾಟ್‌ಗೆ ಹೋದ್ವಿ. ‘ಈ ವಿಷಯ ಮಾತನಾಡಲು ದಯವಿಟ್ಟು ಲಾಗಿನ್ ಆಗಿ’ ಅಂತು. ಲಾಗಿನ್ ಆಗಕ್ಕೆ ಆಗ್ತಿಲ್ಲ ಅನ್ನೋದೇ ದೂರು! ಬೀಗದ ಕೈ ಕಳೆದುಹೋಗಿದೆ ಅಂದ್ರೆ ಬಾಗಿಲು ತೆಗೆದು ಒಳಗೆ ಬಂದು ಹೇಳಿ ಅಂದಂಗೆ. ಆಮೇಲೆ ಹೆಂಗೋ ಒಬ್ಬ ಮನುಷ್ಯ ಲೈನಿಗೆ ಸಿಕ್ಕಿದ. ಅವನು ಹೇಳಿದ್ದು: ‘ಮೇಡಂ, ನೀವು ಹೇಳ್ತಿರೋ ಖಾತೆ ನಿಮ್ಮ ನಂಬರಿಗೆ ಲಿಂಕ್ ಆಗಿಲ್ಲ. ಬೇರೆಯವರ ಖಾತೆ ಮಾಹಿತಿ ಕೊಡಕ್ಕಾಗಲ್ಲ.’ ಅಂದ್ರೆ ಕಂಪನಿ ಲೆಕ್ಕದಲ್ಲಿ ಕಳ್ಳನೇ ಮಾಲೀಕ, ಚಿಕ್ಕಮ್ಮನೇ ಹೊರಗಿನವರು.

ಇಲ್ಲಿಂದ ಮುಂದೆ ಚಿಕ್ಕಮ್ಮ ಮಾಡಿದ್ದನ್ನ ಗಮನ ಇಟ್ಟು ಕೇಳಿ, ಯಾಕಂದ್ರೆ ಬಹಳ ಜನ ಮಾಡೋದು ಇದನ್ನೇ. ನಾನು ಮಂಡ್ಯದಿಂದ ಬಸ್ ಹತ್ತಿ ಅಲ್ಲಿಗೆ ಹೋಗೋವಷ್ಟರಲ್ಲಿ ಅವರು ಗೂಗಲ್‌ನಲ್ಲಿ ಆ ಕಂಪನಿ ಹೆಸರು ಹಾಕಿ ಮುಂದೆ ‘ಕಸ್ಟಮರ್ ಕೇರ್ ನಂಬರ್’ ಅಂತ ಹುಡುಕಿದ್ರು. ಒಂದು ಮೊಬೈಲ್ ನಂಬರ್ ಸಿಕ್ತು. ಫೋನ್ ಮಾಡಿದ್ರೆ ಒಂದೇ ರಿಂಗಿಗೆ ಎತ್ತಿದ್ರು, ಕನ್ನಡದಲ್ಲೇ ಮಾತಾಡಿದ್ರು, ‘ಅಮ್ಮ’ ಅಂತ ಕರೆದ್ರು. ಆ ಬೆಳಿಗ್ಗೆ ಅವರ ಜೊತೆ ಸಮಾಧಾನವಾಗಿ ಮಾತಾಡಿದ ಮೊದಲನೇ ಮನುಷ್ಯ ಅವನು. ‘ದುಡ್ಡು ವಾಪಸ್ ಹಾಕ್ತೀವಿ, ಒಂದು ಆ್ಯಪ್ ಇನ್‌ಸ್ಟಾಲ್ ಮಾಡ್ಕೊಳ್ಳಿ’ ಅಂದ. ಅದು ನಿಮ್ಮ ಫೋನಿನ ಪರದೆಯನ್ನ ಇನ್ನೊಬ್ಬರು ದೂರದಿಂದ ನೋಡೋ ಆ್ಯಪ್. ನಾನು ಬಾಗಿಲಿಗೆ ಹೋದಾಗ ಡೌನ್‌ಲೋಡ್ ಅರ್ಧ ಆಗಿತ್ತು. ಅದೇ ಫೋನಿನಲ್ಲಿ ಅವರ ಬ್ಯಾಂಕ್ ಇದೆ, ಯುಪಿಐ ಇದೆ, ಸಂಘದ ಹೆಂಗಸರ ಚೀಟಿ ದುಡ್ಡೂ ಇದೆ.

ಮೊದಲನೇ ಕಳ್ಳತನದಲ್ಲಿ ಹೋಗೋದು ಸಾಮಾನ್ಯವಾಗಿ ಸಾವಿರಗಳಲ್ಲಿ. ಎರಡನೇದು ಬ್ಯಾಂಕ್ ಖಾತೆಯನ್ನೇ ಗುಡಿಸಿಬಿಡುತ್ತೆ, ಮತ್ತೆ ಅದು ಕಾಯ್ತಾ ಇರೋದು ಗೂಗಲ್ ಹುಡುಕಾಟದಲ್ಲಿ. ಕಂಪನಿಯವರು ಫೋನ್ ಎತ್ತದೇ ಇರೋ ಜಾಗದಲ್ಲಿ ಕಳ್ಳರು ಅಂಗಡಿ ತೆರೆದು ಕೂತಿದಾರೆ. ಆದ್ದರಿಂದ ನಂಬರ್ ತಗೊಳ್ಳೋದಿದ್ರೆ ಕಂಪನಿಯ ಸ್ವಂತ ಆ್ಯಪ್ ಅಥವಾ ಅದರ ಸ್ವಂತ ವೆಬ್‌ಸೈಟ್‌ನ ಕೆಳಗಡೆ ಇರೋ ಪುಟಗಳಿಂದ ಮಾತ್ರ ತಗೊಳ್ಳಿ.

ಸರಿ, ಖಾತೆ ಹೋಗೋದು ಹೆಂಗೆ? ಚಿಕ್ಕಮ್ಮ ಅವತ್ತೆಲ್ಲ ‘ನಾನೇನೂ ಮಾಡಿಲ್ಲ’ ಅಂತಲೇ ಇದ್ರು. ಮಾರನೇ ದಿನ ರಾಗಿ ಮುದ್ದೆ ಕಟ್ತಾ, ನನ್ನ ಮುಖ ನೋಡದೇ ಹೇಳಿದ್ರು. ಕೊರಿಯರ್ ಹುಡುಗ ಅಂತ ಒಬ್ಬ ಫೋನ್ ಮಾಡಿದ್ನಂತೆ. ‘ನಿಮ್ಮ ಹೆಸರಿಗೆ ಪಾರ್ಸಲ್ ಬಂದಿದೆ, ಎರಡು ಸಾವಿರ ಕಟ್ಟಬೇಕು, ಬೇಡ ಅಂದ್ರೆ ಕ್ಯಾನ್ಸಲ್ ಮಾಡ್ತೀನಿ, ಮೆಸೇಜಲ್ಲಿ ಬಂದಿರೋ ನಂಬರ್ ಹೇಳಿ’ ಅಂದ. ಇವರು ಮಷೀನ್ ತುಳೀತಾ ತುಳೀತಾ ಎರಡು ಸಲ ಓಟಿಪಿ ಓದಿ ಹೇಳಿದ್ರು. ಮೊದಲನೇದು ಒಳಗೆ ಹೋಗಕ್ಕೆ, ಎರಡನೇದು ನಂಬರ್ ಬದಲಾಯಿಸಕ್ಕೆ.

ಇದನ್ನ ಹೇಳಕ್ಕೆ ಅವರಿಗೆ ಒಂದು ದಿನ ಹಿಡೀತು, ನಾಚಿಕೆಯಿಂದ. ಬಯ್ಯೋರು ಮನೇಲಿ ಇದ್ದಾರೆ ಅನ್ನೋ ಭಯಕ್ಕೇ ಎಷ್ಟೋ ಮನೆಗಳಲ್ಲಿ ಮೊದಲನೇ ದಿನ ವ್ಯರ್ಥ ಆಗುತ್ತೆ. ನಿಮ್ಮ ಮನೇಲಿ ಹಿಂಗಾದ್ರೆ ಬಯ್ಯೋದನ್ನ ನಾಳೆಗೆ ಇಟ್ಕೊಳ್ಳಿ.

ಇದೇ ಕೊರಿಯರ್ ನಾಟಕದ ಇನ್ನೊಂದು ರೂಪ ಇದೆ: ‘ಸ್ಟಾರ್ 401 ಸ್ಟಾರ್ ಒತ್ತಿ, ಮುಂದೆ ಈ ನಂಬರ್ ಹಾಕಿ’ ಅಂತಾರೆ. ಒತ್ತಿದ್ರೆ ನಿಮಗೆ ಬರೋ ಕರೆಗಳು ಅವರ ಫೋನಿಗೆ ಹೋಗುತ್ವೆ, ಕರೆ ಮೂಲಕ ಬರೋ ಓಟಿಪಿಯೂ ಹೋಗುತ್ತೆ. ಈ ಥರ ಕೋಡ್ ಒತ್ತಿ ಕರೆ ತಿರುಗಿಸೋ ಸೌಲಭ್ಯವನ್ನ ನಿಲ್ಲಿಸಿ ಅಂತ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಕಂಪನಿಗಳಿಗೆ ಸೂಚಿಸಿತ್ತು. ಆದ್ರೂ ಅನುಮಾನ ಇದ್ರೆ ಹ್ಯಾಶ್ ಹ್ಯಾಶ್ 002 ಹ್ಯಾಶ್ ಒತ್ತಿ ಡಯಲ್ ಮಾಡಿ. ಎಲ್ಲಾ ಕಾಲ್ ಫಾರ್ವರ್ಡಿಂಗ್ ರದ್ದಾಗುತ್ತೆ.

ಓಟಿಪಿ ಯಾರಿಗೂ ಕೊಡದೇನೂ ಖಾತೆ ಹೋಗಬಹುದು. ನಮ್ಮ ಬೆಂಗಳೂರಿನ ಬಿಗ್‌ಬಾಸ್ಕೆಟ್ ಪ್ರಕರಣ ನೆನಪಿರಬಹುದು. 2020ರ ನವೆಂಬರ್‌ನಲ್ಲಿ ಸೈಬಲ್ ಅನ್ನೋ ಸೈಬರ್ ಭದ್ರತಾ ಸಂಸ್ಥೆ, ಸುಮಾರು 2 ಕೋಟಿ ಬಿಗ್‌ಬಾಸ್ಕೆಟ್ ಗ್ರಾಹಕರ ಮಾಹಿತಿ ಡಾರ್ಕ್ ವೆಬ್‌ನಲ್ಲಿ ಮಾರಾಟಕ್ಕಿದೆ ಅಂತ ಹೇಳಿತು. ಹೆಸರು, ಇಮೇಲ್, ಫೋನ್ ನಂಬರ್, ವಿಳಾಸ, ಗೂಢರೂಪದಲ್ಲಿದ್ದ ಪಾಸ್‌ವರ್ಡ್ ಎಲ್ಲಾ ಅದರಲ್ಲಿತ್ತು. ಕಂಪನಿ ಬೆಂಗಳೂರಿನ ಸೈಬರ್ ಪೊಲೀಸರಿಗೆ ದೂರು ಕೊಟ್ಟಿತು, ಕಾರ್ಡ್ ನಂಬರ್‌ಗಳನ್ನ ತಾನು ಇಟ್ಟುಕೊಳ್ಳೋದಿಲ್ಲ ಅಂತ ಹೇಳಿತು. 2021ರ ಏಪ್ರಿಲ್‌ನಲ್ಲಿ ಅದೇ ಮಾಹಿತಿ ಪುಕ್ಕಟೆಯಾಗಿ ಹರಿದಾಡಕ್ಕೆ ಶುರುವಾಯ್ತು. ಹಿಂಗೆ ಒಂದು ಕಡೆ ಸೋರಿದ ಇಮೇಲ್, ಪಾಸ್‌ವರ್ಡ್ ಜೋಡಿಯನ್ನ ಕಳ್ಳರು ಕಂಪ್ಯೂಟರ್ ಮೂಲಕ ನೂರಾರು ಬೇರೆ ಸೈಟ್‌ಗಳಲ್ಲಿ ಹಾಕಿ ನೋಡ್ತಾರೆ. ಎಲ್ಲಾ ಕಡೆ ಒಂದೇ ಪಾಸ್‌ವರ್ಡ್ ಇಟ್ಟೋರ ಬಾಗಿಲು ತೆರೆದುಕೊಳ್ಳುತ್ತೆ.

ಕಾರ್ಡ್ ವಿಚಾರದಲ್ಲಿ ನಮಗೆ ಒಂದು ರಕ್ಷಣೆ ಇದೆ. 2022ರ ಅಕ್ಟೋಬರ್ 1ರಿಂದ ಶಾಪಿಂಗ್ ಕಂಪನಿಗಳು ನಿಮ್ಮ ಪೂರ್ತಿ ಕಾರ್ಡ್ ನಂಬರ್ ಇಟ್ಟುಕೊಳ್ಳೋ ಹಾಗಿಲ್ಲ, ಅದರ ಬದಲು ಟೋಕನ್ ಇರುತ್ತೆ. ಹಂಗಾಗಿ ಕಳ್ಳರ ಕಣ್ಣು ಹೋಗೋದು ವ್ಯಾಲೆಟ್ ಬಾಕಿ, ಗಿಫ್ಟ್ ಕಾರ್ಡ್ ಮತ್ತು ಪೇ ಲೇಟರ್ ಕಡೆಗೆ. ಚಿಕ್ಕಮ್ಮನಿಗೆ ಆಗಿದ್ದೂ ಅದೇ.

ಈಗ ನಾವು ಮಾಡಿದ ಕೆಲಸಕ್ಕೆ ಬರ್ತೀನಿ. ಮೊದಲು 1930. ಇದು ಕೇಂದ್ರ ಗೃಹ ಸಚಿವಾಲಯದ ಸೈಬರ್ ವಂಚನೆ ಸಹಾಯವಾಣಿ. 2021ರಲ್ಲಿ ಶುರುವಾದಾಗ ನಂಬರ್ 155260 ಇತ್ತು, ಈಗ 1930. ಹಳೇ ಪೋಸ್ಟರ್‌ಗಳಲ್ಲಿ ಹಳೇ ನಂಬರ್ ಕಂಡ್ರೆ ಗೊಂದಲ ಮಾಡ್ಕೋಬೇಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗ್ತಾ ಇರುವಾಗಲೇ ತಡೆ ಹಾಕೋದು ಇದರ ಕೆಲಸ, ಆದ್ರಿಂದ ಗಂಟೆಗಳ ಲೆಕ್ಕದಲ್ಲಿ ಫೋನ್ ಮಾಡಬೇಕು. ವ್ಯವಹಾರದ ನಂಬರ್, ಸಮಯ, ಮೊತ್ತ ಬರೆದಿಟ್ಟುಕೊಂಡೇ ಮಾಡಿ. ಆಮೇಲೆ ಸೈಬರ್‌ಕ್ರೈಮ್ ಡಾಟ್ ಜಿಓವಿ ಡಾಟ್ ಇನ್ ಅನ್ನೋ ಪೋರ್ಟಲ್‌ನಲ್ಲಿ ಪೂರ್ತಿ ದೂರು ಬರೆದು, ಅದು ಕೊಡೋ ನಂಬರನ್ನ ಜೋಪಾನ ಮಾಡಬೇಕು.

ಪೊಲೀಸ್ ದೂರಿಗೆ ಮಂಡ್ಯದಲ್ಲಿ ಸಿಇಎನ್ ಠಾಣೆ ಇದೆ. ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳಿಗೆ ಅಂತಲೇ ಇರೋ ಠಾಣೆ. ಮದ್ದೂರಿನವರೋ ಮಳವಳ್ಳಿಯವರೋ ತಮ್ಮ ಊರಿನ ಠಾಣೆಗೇ ಹೋಗಿ ಕೊಟ್ರೂ ನಡೆಯುತ್ತೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದ್ರೂ ಮಾಹಿತಿ ಕೊಡಬಹುದು. ಬೇರೆಯವರ ಪಾಸ್‌ವರ್ಡ್, ಗುರುತು ಬಳಸಿ ವಂಚಿಸೋದು ಐಟಿ ಕಾಯ್ದೆಯ 66ಸಿ, 66ಡಿ ಸೆಕ್ಷನ್‌ಗಳಡಿ ಮೂರು ವರ್ಷದವರೆಗೆ ಜೈಲು ಆಗೋ ಅಪರಾಧ. ‘ಬರೀ ಆ್ಯಪ್ ಖಾತೆ ತಾನೇ’ ಅಂತ ಯಾರಾದ್ರೂ ಅಂದ್ರೆ ಇದನ್ನ ನೆನಪಿಸಿ.

ಇನ್ನು ಕಂಪನಿ. ಇಲ್ಲಿ ನಾನೂ ಮೊದಲು ತಪ್ಪು ಮಾಡಿದೆ. ಎರಡು ದಿನ ಚಾಟ್‌ನಲ್ಲೇ ಜಗಳ ಆಡಿದೆ. ಪ್ರತಿ ಸಲ ಹೊಸ ಹುಡುಗ, ಪ್ರತಿ ಸಲ ಮೊದಲಿಂದ ಕಥೆ. ಚಾಟ್ ಮುಚ್ಚಿದ್ರೆ ಕೈಯಲ್ಲಿ ಒಂದು ಚೂರು ದಾಖಲೆ ಇಲ್ಲ. ಆಮೇಲೆ ಗೊತ್ತಾಯ್ತು, ಕಾನೂನಿನ ಪ್ರಕಾರ ನಾವು ಮಾತಾಡಬೇಕಾದ್ದು ಕಸ್ಟಮರ್ ಕೇರ್ ಜೊತೆ ಅಲ್ಲ, ಗ್ರೀವೆನ್ಸ್ ಆಫೀಸರ್ ಜೊತೆ. ಕನ್ನಡದಲ್ಲಿ ಕುಂದುಕೊರತೆ ಅಧಿಕಾರಿ.

2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳು ಸ್ಪಷ್ಟವಾಗಿವೆ. ಪ್ರತಿ ಶಾಪಿಂಗ್ ಕಂಪನಿ ಇಂಥ ಒಬ್ಬ ಅಧಿಕಾರಿಯನ್ನ ನೇಮಿಸಬೇಕು. ಅವರ ಹೆಸರು, ಹುದ್ದೆ, ಸಂಪರ್ಕ ವಿವರ ಸೈಟ್‌ನಲ್ಲಿ ಕಾಣಬೇಕು. ದೂರು ಬಂದ 48 ಗಂಟೆಯೊಳಗೆ ‘ತಲುಪಿದೆ’ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಇಮೇಲ್ ವಿಳಾಸ ಎಲ್ಲೋ ಪುಟದ ತಳದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿರುತ್ತೆ. ಹುಡುಕಿದ್ರೆ ಸಿಗುತ್ತೆ. ಮುಖ್ಯವಾಗಿ, ಇಮೇಲ್ ಕಳಿಸಕ್ಕೆ ಲಾಗಿನ್ ಬೇಕಿಲ್ಲ!

ನಾವು ಬರೆದಿದ್ದು ಒಂದೇ ಪುಟ. ಖಾತೆಗೆ ಮೊದಲು ಇದ್ದ ನಂಬರ್ ಯಾವುದು, ಯಾವ ದಿನ ಎಷ್ಟು ಗಂಟೆಗೆ ಬದಲಾಯ್ತು, ಯಾವ ಆರ್ಡರ್ ನಮ್ಮದಲ್ಲ, 1930ರ ದೂರಿನ ನಂಬರ್ ಏನು. ಹಳೇ ಆರ್ಡರ್‌ಗಳ ಮೂರು ಬಿಲ್ ಜೋಡಿಸಿದ್ವಿ, ಆ ಖಾತೆ ಚಿಕ್ಕಮ್ಮನದೇ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಕೇಳಿದ್ದು ನಾಲ್ಕು: ಖಾತೆ ತಕ್ಷಣ ಸ್ಥಗಿತ ಮಾಡಿ, ಆರ್ಡರ್ ತಡೆಯಿರಿ, ಹೋದ ಹಣ ವಾಪಸ್ ಕೊಡಿ, ಯಾವ ಸಾಧನದಿಂದ ಲಾಗಿನ್ ಆಯ್ತು ಅನ್ನೋ ದಾಖಲೆ ಅಳಿಸಬೇಡಿ. ಆ ಕೊನೇದು ಸಣ್ಣದಲ್ಲ. ಆ ವಿವರವನ್ನ ಕಂಪನಿ ನಮಗೆ ಕೊಡಲ್ಲ. ಪೊಲೀಸರು ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್‌ನಡಿ ಕೇಳಿದಾಗ ಕೊಡಬೇಕಾಗುತ್ತೆ, ಅಷ್ಟೊತ್ತಿಗೆ ಅದು ಇರಬೇಕಲ್ಲ.

ಓಟಿಪಿ ಹೇಳಿದ್ದನ್ನ ಬರೀಬೇಕಾ ಬೇಡವಾ? ಮನೇಲಿ ಇದರ ಮೇಲೆ ಜಗಳವೇ ಆಯ್ತು. ಚಿಕ್ಕಪ್ಪ ‘ಸುಮ್ನಿರು, ಬರೀಬ್ಯಾಡ’ ಅಂದ್ರು. ನಾನು ಬರೆಸಿದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಗೊತ್ತಿದ್ರೆ ಈ ಪ್ರಶ್ನೆಯ ಭಾರ ಅರ್ಥ ಆಗುತ್ತೆ. ಅದು ಬ್ಯಾಂಕ್ ಖಾತೆ, ಕಾರ್ಡ್‌ನಿಂದ ಅನುಮತಿ ಇಲ್ಲದೆ ಹೋದ ಹಣದ ಬಗ್ಗೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮಧ್ಯೆ ಎಲ್ಲೋ ಆಗಿದೆ ಅಂತಾದ್ರೆ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದ್ರೆ ನಷ್ಟ ನಿಮ್ಮ ಮೇಲೆ ಬರಲ್ಲ. ನಾಲ್ಕರಿಂದ ಏಳು ದಿನ ಆದ್ರೆ ನಿಮ್ಮ ಹೊಣೆಗೆ ಒಂದು ಮಿತಿ ಇದೆ, ಸಾಮಾನ್ಯ ಉಳಿತಾಯ ಖಾತೆಗೆ ಗರಿಷ್ಠ 10,000 ರೂಪಾಯಿ. ಆದ್ರೆ ಗುಟ್ಟಿನ ನಂಬರ್ ನೀವೇ ಹೇಳಿಕೊಟ್ಟಿದ್ರೆ, ಬ್ಯಾಂಕಿಗೆ ತಿಳಿಸೋವರೆಗಿನ ನಷ್ಟ ಪೂರ್ತಿ ನಿಮ್ಮದು. ತಿಳಿಸಿದ ಮೇಲೆ ಹೋಗಿದ್ದು ಬ್ಯಾಂಕಿನದು. ಅಂದ್ರೆ ಓಟಿಪಿ ಹೇಳಿದೋರಿಗೂ ಬೇಗ ತಿಳಿಸೋದ್ರಿಂದ ಲಾಭ ಇದೆ. ಸುಳ್ಳು ಬರೆದು, ಆಮೇಲೆ ಕರೆ ದಾಖಲೆಯಲ್ಲಿ ಸಿಕ್ಕಿಬಿದ್ರೆ ಇಡೀ ದೂರೇ ನಂಬಿಕೆ ಕಳ್ಕೊಳ್ಳುತ್ತೆ.

ಈ ಸುತ್ತೋಲೆ ಶಾಪಿಂಗ್ ಕಂಪನಿಯ ಸ್ವಂತ ಗಿಫ್ಟ್ ಬಾಕಿಗೆ ಅನ್ವಯ ಆಗಲ್ಲ. ಅದೇ ಅಂಗಡಿಯಲ್ಲಿ ಮಾತ್ರ ಖರ್ಚು ಮಾಡಬಹುದಾದ ಬಾಕಿಗೆ ರಿಸರ್ವ್ ಬ್ಯಾಂಕಿನ ಅನುಮತಿಯೇ ಬೇಕಿಲ್ಲ. ಚಿಕ್ಕಮ್ಮನ 2,150 ಆ ಥರದ್ದು. ಅದಕ್ಕೆ ದಾರಿ ಗ್ರಾಹಕ ಕಾನೂನೇ.

ಪೇ ಲೇಟರ್‌ನದ್ದು ಬೇರೆ ಕಥೆ. ಅದನ್ನ ಆ್ಯಪ್‌ನ ಒಂದು ಬಟನ್ ಅಂತ ಅಂದ್ಕೊಂಡಿರ್ತೀವಿ. ನಿಜದಲ್ಲಿ ಅದರ ಹಿಂದೆ ಒಂದು ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ ಇರುತ್ತೆ, ಅದು ನಿಮ್ಮ ಹೆಸರಿನ ಸಾಲ. ಕಟ್ಟದೇ ಇದ್ರೆ ಸಿಬಿಲ್‌ನಲ್ಲಿ ಬಾಕಿ ಅಂತ ಕೂರುತ್ತೆ. ನಮ್ಮ ಕಡೆ ಕಬ್ಬಿಗೆ ಬೆಳೆ ಸಾಲ, ಮಗಳ ಓದಿಗೆ ಸಾಲ ಅಂತ ಬ್ಯಾಂಕಿಗೆ ಹೋದಾಗ ಈ ಏಳು ಸಾವಿರ ಎದ್ದು ನಿಲ್ಲುತ್ತೆ. ಅದಕ್ಕೇ ಸಾಲ ಕೊಟ್ಟ ಕಂಪನಿಗೆ ಬೇರೆಯಾಗಿಯೇ ಇಮೇಲ್ ಬರೆದ್ವಿ: ಈ ಸಾಲ ನಾನು ತೆಗೆದಿಲ್ಲ, ವಿವಾದದಲ್ಲಿದೆ ಅಂತ ದಾಖಲಿಸಿ. ಅವರು 30 ದಿನದಲ್ಲಿ ಸರಿಯಾಗಿ ಉತ್ತರಿಸದಿದ್ರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಪುಕ್ಕಟೆಯಾಗಿ ದೂರು ಕೊಡಬಹುದು, ವಿಚಾರಣೆಗೆ 14448 ನಂಬರ್ ಇದೆ. ಸಿಬಿಲ್‌ನಂಥ ಸಂಸ್ಥೆಯಲ್ಲಿ ತಪ್ಪು ನಮೂದಾಗಿದ್ರೆ ಅದನ್ನ ಸರಿ ಮಾಡಕ್ಕೂ 30 ದಿನವೇ ಗಡುವು. ಮೀರಿದ್ರೆ ದಿನಕ್ಕೆ 100 ರೂಪಾಯಿ ನಿಮಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2023ರಲ್ಲೇ ಆದೇಶ ಮಾಡಿದೆ.

ಕಂಪನಿ ಒಂದು ತಿಂಗಳಾದ್ರೂ ಅಲ್ಲಾಡದಿದ್ರೆ? 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ಇದು ಕೋರ್ಟ್ ಅಲ್ಲ, ತೀರ್ಪು ಕೊಡಲ್ಲ. ದೂರನ್ನ ಕಂಪನಿಗೆ ದಾಟಿಸಿ ಉತ್ತರ ಕೇಳುತ್ತೆ. ಆದ್ರೆ ಸರ್ಕಾರದ ಕಡೆಯಿಂದ ಬಂದ ಪ್ರಶ್ನೆಗೂ ಚಾಟ್‌ನಲ್ಲಿ ನಾವು ಕೇಳೋ ಪ್ರಶ್ನೆಗೂ ಕಂಪನಿ ಕೊಡೋ ಮರ್ಯಾದೆ ಒಂದೇ ಅಲ್ಲ.

ಅದಕ್ಕೂ ಬಗ್ಗದಿದ್ರೆ ಮಂಡ್ಯದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. 1986ರ ಹಳೇ ಕಾಯ್ದೆಯಲ್ಲಿ ಎದುರು ಪಕ್ಷದ ಕಚೇರಿ ಅಥವಾ ಶಾಖೆ ಇರೋ ಕಡೆ, ಇಲ್ಲಾ ವ್ಯಾಜ್ಯಕ್ಕೆ ಕಾರಣವಾದ ಘಟನೆ ನಡೆದ ಕಡೆ ದೂರು ಹಾಕಬೇಕಿತ್ತು. ಕಂಪನಿಗಳು ‘ನಮ್ಮ ಕಚೇರಿ ಬೇರೆ ಊರಲ್ಲಿದೆ’ ಅಂತ ಮೊದಲನೇ ದಿನವೇ ತಕರಾರು ತೆಗೆಯೋಕೆ ದಾರಿ ಇತ್ತು. 2020ರ ಜುಲೈ 20ರಿಂದ ಜಾರಿಯಾದ 2019ರ ಕಾಯ್ದೆಯ 34ನೇ ಸೆಕ್ಷನ್, ದೂರುದಾರ ವಾಸ ಇರೋ ಅಥವಾ ಕೆಲಸ ಮಾಡೋ ಜಿಲ್ಲೆಯಲ್ಲೇ ಹಾಕಬಹುದು ಅನ್ನುತ್ತೆ. ಚಿಕ್ಕಮ್ಮ ಮಳವಳ್ಳಿಯಲ್ಲಿದ್ದಾರೆ, ಆದ್ದರಿಂದ ಕಂಪನಿ ಎಲ್ಲೇ ಇರಲಿ, ಉತ್ತರ ಕೊಡಬೇಕಾದ್ದು ಮಂಡ್ಯದಲ್ಲಿ.

ಕೊಟ್ಟ ಬೆಲೆ 5 ಲಕ್ಷದವರೆಗಿದ್ರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಆಗಿಯೇ ಹಾಕಬಹುದು, ವಿಡಿಯೊ ಮೂಲಕ ಹಾಜರಾಗಕ್ಕೂ ಕಾಯ್ದೆಯಲ್ಲಿ ಅವಕಾಶ ಇದೆ. ಘಟನೆ ಆಗಿ ಎರಡು ವರ್ಷದೊಳಗೆ ಹಾಕಬೇಕು. ಪರೀಕ್ಷೆಗೆ ಕಳಿಸೋ ಅಗತ್ಯ ಇಲ್ಲದ ಪ್ರಕರಣ ಮೂರು ತಿಂಗಳಲ್ಲಿ ಮುಗೀಬೇಕು ಅಂತ ಕಾಯ್ದೆ ಹೇಳುತ್ತೆ, ಆದ್ರೆ ನೀವು ಕೋರ್ಟ್ ಕಚೇರಿ ಕಂಡೋರೇ, ಆ ಮೂರು ತಿಂಗಳನ್ನ ನಂಬಿ ಕೂರಬೇಡಿ.

ಒಂದು ಅಡ್ಡಿ ಬರಬಹುದು ಅಂತ ನಮಗೆ ಅನಿಸಿತ್ತು. ಚಿಕ್ಕಮ್ಮ ತರಿಸೋದು ವ್ಯಾಪಾರಕ್ಕೆ, ಆದ್ದರಿಂದ ಅವರು ಗ್ರಾಹಕರೇ ಅಲ್ಲ ಅಂತ ಕಂಪನಿ ವಾದ ಮಾಡಬಹುದು. ವಾಣಿಜ್ಯ ಉದ್ದೇಶದ ಖರೀದಿಯನ್ನ ಕಾಯ್ದೆ ಹೊರಗಿಟ್ಟಿರೋದು ನಿಜ. ಆದ್ರೆ ಅದೇ ಸೆಕ್ಷನ್‌ನ ವಿವರಣೆಯಲ್ಲಿ, ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಮಾತ್ರ ಕೊಂಡಿದ್ದು ವಾಣಿಜ್ಯ ಉದ್ದೇಶ ಅಲ್ಲ ಅಂತ ಬರೆದಿದೆ. ಮನೆ ಪಡಸಾಲೆಯಲ್ಲಿ ಒಂದು ಮಷೀನ್ ಇಟ್ಕೊಂಡು ಹೊಲಿಯೋ ಹೆಂಗಸು, ಮದ್ದೂರಿನಲ್ಲಿ ಎಳನೀರು ಗಾಡಿಗೆ ಅಂತ ತಕ್ಕಡಿ ತರಿಸೋ ಹುಡುಗ, ಇಂಥೋರಿಗೆ ಅಂತಲೇ ಇರೋ ಸಾಲು ಅದು.

ನಮ್ಮ ಪ್ರಕರಣ ಏನಾಯ್ತು ಅಂತ ಹೇಳಬೇಕಲ್ಲ. ಗ್ರೀವೆನ್ಸ್ ಆಫೀಸರ್‌ಗೆ ಇಮೇಲ್ ಹೋದ ಎರಡನೇ ದಿನ ಸ್ವೀಕೃತಿ ಬಂತು. ಆ ಫೋನ್ ಪಾರ್ಸಲ್ ಇನ್ನೂ ದಾರಿಯಲ್ಲೇ ಇತ್ತು, ತಡೆದ್ರು, ವಾಪಸ್ ಬಂತು, 7,499ರ ಸಾಲ ರದ್ದಾಯ್ತು. ಚಾಟ್‌ನಲ್ಲಿ ಜಗಳ ಆಡಿದ ಆ ಎರಡು ದಿನ ಇನ್ನೂ ಎರಡು ದಿನ ಆಗಿದ್ರೆ ಅದು ಕಳ್ಳನ ಕೈಯಲ್ಲಿರ್ತಿತ್ತು. 26ನೇ ದಿನ ಖಾತೆ ಚಿಕ್ಕಮ್ಮನ ನಂಬರಿಗೆ ಮರಳಿತು. ವ್ಯಾಲೆಟ್‌ನ 2,150 ಮಾತ್ರ ಬರಲಿಲ್ಲ. ‘ಓಟಿಪಿ ಬಳಸಿ ನಡೆದ ವ್ಯವಹಾರ, ನಮ್ಮ ಹೊಣೆ ಇಲ್ಲ’ ಅಂತ ಒಂದು ಸಾಲಿನ ಉತ್ತರ.

ಆ ಒಂದು ಸಾಲಿಗೆ ಆಯೋಗದ ಮುಂದೆ ಉತ್ತರ ಕೇಳಬಹುದು ಅಂತ ನನ್ನ ಅಭಿಪ್ರಾಯ. ನಂಬರ್, ಇಮೇಲ್ ಎರಡೂ ಒಂದೇ ರಾತ್ರಿ ಬದಲಾಗಿ, ಕಾಲು ಗಂಟೆಯಲ್ಲಿ ಹೊಸ ಊರಿಗೆ ಸಾಲದ ಮೇಲೆ ಫೋನ್ ಆರ್ಡರ್ ಆದಾಗ ಕಂಪನಿಗೆ ಒಂದು ಅನುಮಾನವೂ ಬರಲಿಲ್ವಾ? ದೂರು ಕೊಟ್ಟಾಗ ಮಾಲೀಕರನ್ನೇ ಹೊರಗಿನವರು ಅಂದಿದ್ದು ಸೇವಾ ನ್ಯೂನತೆ ಅಲ್ವಾ? ಗೆಲ್ತೀವಿ ಅಂತ ಹೇಳಲ್ಲ. ಓಟಿಪಿ ಹೇಳಿದ್ದು ನಮ್ಮ ಕಡೆಯ ದುರ್ಬಲ ಜಾಗ, ಅದು ಕಂಪನಿಗೂ ಗೊತ್ತು.

ಅರ್ಜಿ ಬರೆದು ಕೊಟ್ಟಿದೀನಿ. ಸಹಿ ಹಾಕಿ ಚಿಕ್ಕಮ್ಮ ಅದನ್ನ ಹೊಲಿಗೆ ಮಷೀನಿನ ಡ್ರಾಯರ್‌ನಲ್ಲಿ, ಬಾಬಿನ್‌ಗಳ ಕೆಳಗೆ ಇಟ್ಟಿದ್ದಾರೆ. ಎರಡು ವರ್ಷದಲ್ಲಿ ಇಷ್ಟು ತಿಂಗಳು ಹೋಯ್ತು ಅಂತ ನಾನು ಆಗಾಗ ಲೆಕ್ಕ ಹೇಳ್ತಾ ಇರ್ತೀನಿ. ಮೊನ್ನೆ ಕೇಳಿದಾಗ ಅಂದ್ರು: ‘ಈ ಗೌರಿ ಹಬ್ಬದ ಬ್ಲೌಸು ಮುಗೀಲಿ ಮಗ, ನಾನೇ ಮಂಡ್ಯಕ್ಕೆ ಬತ್ತೀನಿ.’